ಒಂದೇ ಪೆಟ್ಟಿಗೆಯ ಎರಡು ಸಬ್ಬತ್ತು

ಸತ್ತ ಕಂಪ್ಯೂಟರೊಂದನ್ನು ಹೆಂಡತಿಯ ಹೂವಿನ ಲಾವಲಾವಾ ಲುಂಗಿಯಲ್ಲಿ ಸುತ್ತಿ, ಎದೆಗವಚಿಕೊಂಡು, ಶನಿವಾರದ ಉರಿಬಿಸಿಲಲ್ಲಿ ಓಣಿಯುದ್ದ ನಡೆಯುವುದು ಕಳ್ಳತನವಲ್ಲ ಎಂದು ಪೆರೆಲಿನಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕಳ್ಳತನವೇ ಆಗಿದ್ದರೆ ಇಷ್ಟು ಬೆವರುತ್ತಿರಲಿಲ್ಲ. ಕದ್ದವನಿಗೆ ಓಡುವುದಕ್ಕೊಂದು ದಿಕ್ಕಾದರೂ ಇರುತ್ತದೆ, ಇವನು ಮನೆಗೇ ಹೋಗಬೇಕಿತ್ತು. ಹಲಸಿನಂಥ ಕಾಯಿಯ ಬ್ರೆಡ್‌ಫ್ರೂಟ್ ಮರದ ನೆರಳಿನಿಂದ ನೆರಳಿಗೆ ಹಾರುತ್ತ, ವಿಶ್ರಾಂತಿ ದಿನವಾದ ಸಬ್ಬತ್ತಿನ ಸಭೆ ಬಿಡುವುದರೊಳಗೆ ಮನೆ ಸೇರಬೇಕೆಂದು ಲೆಕ್ಕ ಹಾಕಿದ್ದ. ಆದರೆ ಪಾದ್ರಿ ಅವತ್ತೇ ಚಿಕ್ಕದಾಗಿ ಪ್ರಸಂಗ ಮಾಡಿರಬೇಕು. ಬಿಳಿಯ ಉಡುಪು, ಬಿಳಿಯ ಹ್ಯಾಟು, ಕೈಯಲ್ಲಿ ಹೆಣೆದ ಬೀಸಣಿಗೆಯೊಂದಿಗೆ ಇಡೀ ಸಭೆ ಎದುರಿಗೇ ಬಂತು. ಮುಂದಾಳಾಗಿ ನಡೆಯುತ್ತಿದ್ದ ಪಕ್ಕದ ಮನೆಯ ಸಲೋಟೆ ಅತ್ತೆ ನಿಂತೇಬಿಟ್ಟಳು.

"ಏನೋ ಪೆರೆಲಿನಿ, ಹೊಟ್ಟೆನೋವು ಅಂತ ಸಭೆಗೆ ಬರಲಿಲ್ಲವಂತೆ?"

"ಹೌದತ್ತೆ. ಬೆಳಗಿಂದ."

ಅವಳು ಅವನ ಎದೆಯ ಮೇಲಿನ ಗಂಟನ್ನು ಮೇಲಿಂದ ಕೆಳಗೆ ನೋಡಿದಳು. "ಹೆರಿಗೆ ಸುಸೂತ್ರ ಆಯ್ತಲ್ಲ ಬಿಡು," ಎಂದಳು. ಹಿಂದಿದ್ದ ಹೆಂಗಸರು ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡರು. ಪೆರೆಲಿನಿಯೂ ನಕ್ಕ. ಯಾರು ನಕ್ಕರೂ ಜೊತೆಗೆ ನಗುವುದು, ಯಾರು ತಲೆಯಾಡಿಸಿದರೂ ಜೊತೆಗೆ ಆಡಿಸುವುದು ಅವನಿಗೆ ಉಸಿರಾಟದಷ್ಟು ಸಲೀಸು. ಹಾಗೆ ನಗುವಾಗ ಮಾತ್ರ ಹೊಟ್ಟೆಯಲ್ಲಿ ನಿಜಕ್ಕೂ ಏನೋ ಹಿಂಡಿದಂತಾಗಿ, ಹಾಗಾದರೆ ಬೆಳಗ್ಗೆ ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಎನ್ನಿಸಿ ಒಂದು ಗಳಿಗೆ ಸಮಾಧಾನವಾಯಿತು.

ಮನೆಯ ಮುಂಭಾಗದಲ್ಲಿ ಹೆಂಡತಿ ಮೊಯೆಲಾಂಗಿಯ ಹೊಲಿಗೆ ಅಂಗಡಿ. ಹಿಂದಿನ ಕೋಣೆಯಲ್ಲಿ ಅವನ ಅಂಗಡಿ, ಅಂದರೆ ಮೇಜಿನ ಮೇಲೆ ಒಂದು ಕರಿಯ ಪೆಟ್ಟಿಗೆ. ಹಗಲೂ ರಾತ್ರಿ ಅದರ ಫ್ಯಾನು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ದ್ವೀಪದ ರಾಜಧಾನಿ ಆಪಿಯಾ ಪೇಟೆಯ ಟೈರ್ ಅಂಗಡಿ, ಬಂದರಿನ ಬಾರು, ದಕ್ಷಿಣ ತೀರದ ಒಂದು ವಸತಿಗೃಹ, ಹುಡುಗರ ರಗ್ಬಿ ಕ್ಲಬ್ಬು, ಶವಪೆಟ್ಟಿಗೆ ಮಾಡುವವರು, ಇಷ್ಟೂ ಜನರ ವೆಬ್‌ಸೈಟುಗಳು ಆ ಒಂದೇ ಸರ್ವರ್ ಪೆಟ್ಟಿಗೆಯೊಳಗೆ ಸಂಸಾರ ಹೂಡಿದ್ದವು. ಬಂದವರು ಯಾರ ಹೆಸರು ಹಿಡಿದು ಬಂದರೋ ಅವರ ಕಡೆಯ ಚಾಪೆ-ಪರದೆಯನ್ನಷ್ಟೇ ಎತ್ತಬೇಕು, ಮಿಕ್ಕವರು ಅಲ್ಲೇ ಇದ್ದೂ ಇಲ್ಲದಂತಿರಬೇಕು. ಬಾರಿಗೆ ಬಂದವನಿಗೆ ಪಕ್ಕದಲ್ಲೇ ಶವಪೆಟ್ಟಿಗೆ ಇದೆಯೆಂದು ಗೊತ್ತಾಗಬಾರದು. ಈ ವಿದ್ಯೆಯನ್ನು ಕಲಿಯಲು ಪೆರೆಲಿನಿಗೆ ಏನೂ ಕಷ್ಟವಾಗಿರಲಿಲ್ಲ. ಗೋಡೆಯ ಬದಲು ಚಾಪೆ ಇಳಿಬಿಟ್ಟ ಈ ದ್ವೀಪದ ಹಳೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಅದು ಬರುತ್ತದೆ. ಚಿಕ್ಕಂದಿನಲ್ಲಿ ಅಜ್ಜಿ ಕರೆದರೆ ಒಂದು ಮುಖ, ಮೇಷ್ಟ್ರು ಕರೆದರೆ ಇನ್ನೊಂದು. ಯಾರೂ ಕರೆಯದಿದ್ದಾಗ ಯಾವ ಮುಖವಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಅಲ್ಲೇನೂ ಕಾಣುತ್ತಿರಲಿಲ್ಲ, ಮಧ್ಯಾಹ್ನದ ಖಾಲಿ ಅಂಗಳವೊಂದನ್ನು ಬಿಟ್ಟು.

ತೊಂದರೆಯಿದ್ದದ್ದು ಆ ಪೆಟ್ಟಿಗೆಯೊಳಗಿನ ಇನ್ನಿಬ್ಬರು ಬಾಡಿಗೆದಾರರಿಂದ. ಶನಿವಾರದ ಸಭೆ ಮತ್ತು ಭಾನುವಾರದ ಸಭೆ. ಒಂದು ಕಾಲಕ್ಕೆ ಅವೆರಡೂ ಒಂದೇ. ಏಳನೆಯ ದಿನ ಕೆಲಸ ಮುಟ್ಟದವರು, ಒಂದೇ ಹಾಡಿನ ಪುಸ್ತಕದವರು. ಆಮೇಲೆ ಸರ್ಕಾರ ಒಂದು ವರ್ಷದ ಕೊನೆಯಲ್ಲಿ, ನ್ಯೂಜಿಲೆಂಡಿನವರ ವಾರಕ್ಕೂ ನಮ್ಮ ವಾರಕ್ಕೂ ಹೊಂದಲೆಂದು, ದಿನ ಬದಲಾಗುವ ಗೆರೆಯನ್ನು ಸಮುದ್ರದಲ್ಲಿ ಆಚೆ ಸರಿಸಿತು. ಊರು ಗುರುವಾರ ಮಲಗಿ ಶನಿವಾರ ಎದ್ದಿತು. ನಡುವಿನ ಶುಕ್ರವಾರ ಎಲ್ಲಿಗೂ ಹೋಗಲಿಲ್ಲ, ಬರಲೇ ಇಲ್ಲ. ಆಗ ಶುರುವಾಯಿತು. ಪೆರೆಲಿನಿಯ ದೊಡ್ಡಪ್ಪ ತುಯಿಸಿಲಾ, "ಸರ್ಕಾರ ಶನಿವಾರ ಅಂದದ್ದೇ ಶನಿವಾರ, ಆ ದಿನವೇ ಸಬ್ಬತ್ತು," ಎಂದ. ಅವನ ಪಕ್ಕ ಕೂತು ಮಂದ್ರದಲ್ಲಿ ಹಾಡುತ್ತಿದ್ದ ಆಪ್ತಮಿತ್ರ ವೈತೋವಾ, "ದೇವರು ದಿನ ಎಣಿಸೋದು ಸರ್ಕಾರವನ್ನ ಕೇಳಿಯಲ್ಲ, ನಿನ್ನ ಈ ಶನಿವಾರ ಹೆಸರು ಬದಲಿಸಿಕೊಂಡ ಶುಕ್ರವಾರ, ಏಳನೇ ದಿನ ಬರೋದು ನಾಳೆ," ಎಂದು ಎದ್ದು ಹೋದ. ಅರ್ಧ ಸಭೆ ಅವನ ಹಿಂದೆ ಹೋಯಿತು. ಅಂದಿನಿಂದ ಅವರಿಬ್ಬರು ಮಾತಾಡಿದ್ದಿಲ್ಲ. ಪೆರೆಲಿನಿಯ ಗ್ರಹಚಾರಕ್ಕೆ ಈ ವೈತೋವಾನ ಮಗಳೇ ಮೊಯೆಲಾಂಗಿ. ಹೆಣ್ಣು ಕೇಳಲು "ಬರೋ ಶುಕ್ರವಾರ ಬರ್ತೀನಿ" ಎಂದು ಅವನು ಹೇಳಿಕಳಿಸಿದ್ದು ಯಾವ ಶುಕ್ರವಾರವನ್ನು ಸರ್ಕಾರ ಎತ್ತಿಹಾಕಿತ್ತೋ ಅದೇ ಶುಕ್ರವಾರ. ತಿಂಗಳುಗಟ್ಟಲೆ ರೇಡಿಯೋದಲ್ಲಿ ಕೂಗಿದ್ದರೂ ಪ್ರೇಮದ ಭರದಲ್ಲಿ ಅವನಿಗೆ ಹೊಳೆದಿರಲಿಲ್ಲ. ಶನಿವಾರ ಹೆಣ್ಣು ಕೇಳುವ ಕಾಣಿಕೆಯೆಂದು ಚಾಪೆ, ಡಬ್ಬಿಮಾಂಸ ಹೊತ್ತುಕೊಂಡು ಹೋಗಿ ನಿಂತಾಗ ವೈತೋವಾ ಹೇಳಿದ ಮಾತು ಇವತ್ತಿಗೂ ಪ್ರತಿ ಮದುವೆಯೂಟದಲ್ಲಿ ಕೇಳಿಬರುತ್ತದೆ: "ನೋಡ್ರಪ್ಪಾ ನನ್ನ ಅಳಿಯ. ಕ್ಯಾಲೆಂಡರಿನಲ್ಲೇ ಇಲ್ಲದ ದಿನ ಬರ್ತೀನಿ ಅಂದವನು."

ಅಮ್ಮ ಶನಿವಾರದವಳು, ಹೆಂಡತಿ ಮಕ್ಕಳು ಭಾನುವಾರದವರು. ಅಮ್ಮನ ಮನಸ್ಸು ನೋಯಿಸಬಾರದೆಂದು ಶನಿವಾರ ಹೋಗಿ ಕೂತ. ಹೆಂಡತಿಯ ಮನಸ್ಸು ನೋಯಿಸಬಾರದೆಂದು ಭಾನುವಾರ ಹೋಗಿ ಕೂತ. ಅಮ್ಮನ ಕಡೆಗೆ, ಭಾನುವಾರ ಹೋಗುವುದು ಹೆಂಡತಿ ಮಕ್ಕಳನ್ನು ಬಿಟ್ಟುಬರುವುದಕ್ಕೆ ಮಾತ್ರ ಎಂದಿದ್ದ. ಮಾವನ ಕಡೆಗೆ, ಶನಿವಾರ ಹೋಗುವುದು ಮುದಿ ಅಮ್ಮನ ಕೈ ಹಿಡಿದು ನಡೆಸುವುದಕ್ಕೆ ಮಾತ್ರ ಎಂದಿದ್ದ. ಎರಡೂ ಸಭೆಯವರು ತಮಗೊಂದು ವೆಬ್‌ಸೈಟು ಬೇಕೆಂದಾಗ ಇಬ್ಬರೂ ಮೊದಲು ಕೇಳಿದ ಪ್ರಶ್ನೆ ಒಂದೇ: "ಅವರದ್ದಿರೋ ಕಡೆ ನಮ್ಮದು ಇಲ್ಲ ತಾನೇ?" ಇಬ್ಬರಿಗೂ ಅವನು ಕೊಟ್ಟ ಉತ್ತರವೂ ಒಂದೇ: "ಛೆ, ಛೆ. ನಿಮ್ಮದೇ ಬೇರೆ ಯಂತ್ರ." ಆ ಉತ್ತರ ಬಾಯಿಂದ ಬಂದ ರೀತಿ ನೆನೆದರೆ ಅವನಿಗೇ ಆಶ್ಚರ್ಯ. ಯೋಚಿಸಿ ಹೇಳಿದ್ದಲ್ಲ. ಅವರ ಮುಖ ಯಾವ ಉತ್ತರ ಕೇಳುತ್ತಿತ್ತೋ ಅದು ತಾನೇ ಎದ್ದುಬಂದಿತ್ತು.

ಸಬ್ಬತ್ತಿನ ದಿನ ವೆಬ್‌ಸೈಟೂ ಮುಚ್ಚಿರಬೇಕೆಂದು ಇಬ್ಬರೂ ಕಟ್ಟು ಮಾಡಿದ್ದರು. ಅಂದರೆ ಸೂರ್ಯ ಮುಳುಗುವ ಮುಂಚೆ ಮುಚ್ಚಿ, ಮರುದಿನ ಸೂರ್ಯ ಮುಳುಗಿದ ಮೇಲೆ ತೆರೆಯಬೇಕು. ಗಡಿಯಾರ ಇಟ್ಟರೆ ಯಂತ್ರವೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿನೋಡಿದ್ದ. "ತಾನೇ ಮುಚ್ಚಿಕೊಂಡ ಬಾಗಿಲು ಗಾಳಿಗೂ ಮುಚ್ಚಿಕೊಳ್ಳುತ್ತೆ. ಕೈಯಾರೆ ಮುಚ್ಚು, ಪ್ರಾರ್ಥನೆ ಹೇಳಿ ಮುಚ್ಚು," ಎಂದಿದ್ದ ದೊಡ್ಡಪ್ಪ. ಮುಚ್ಚಿದಾಗ ಕಾಣಿಸಲೆಂದು 'ಇಂದು ವಿಶ್ರಾಂತಿ ದಿನ' ಎಂಬ ಪುಟವೊಂದನ್ನು ಮಾಡಿ ತೋರಿಸಿದಾಗ ಮುದುಕ ಬಹಳ ಹೊತ್ತು ನೋಡಿ, "ಇದನ್ನ ಹೇಳ್ತಿರೋದು ಯಾರು?" ಎಂದು ಕೇಳಿದ.

"ಯಂತ್ರ, ದೊಡ್ಡಪ್ಪ."

"ಬಂದವರಿಗೆಲ್ಲ ಹೇಳುತ್ತಾ?"

"ಎಲ್ಲರಿಗೂ."

"ದಿನವಿಡೀ ಬಾಗಿಲಲ್ಲಿ ನಿಂತು, ನಾನು ಕೆಲಸ ಮಾಡ್ತಿಲ್ಲ, ನಾನು ಕೆಲಸ ಮಾಡ್ತಿಲ್ಲ ಅಂತ ಕೂಗೋದು ಕೆಲಸ ಅಲ್ವೇನೋ?"

ಪೆರೆಲಿನಿ ಆ ಪುಟವನ್ನು ತೆಗೆದುಹಾಕಿದ. ಪ್ರಶ್ನೆ ಮಾತ್ರ ಹೋಗಲಿಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಎರಡು ವಿಶ್ರಾಂತಿ ದಿನಗಳಲ್ಲಿ ಕೂತು ಎದ್ದು, ಹಾಡಿ, ಎರಡು ಪ್ರಸಂಗ ಕೇಳಿ, ಎರಡು ಕಡೆ ಮುಚ್ಚಿ ತೆರೆದು, ಸೋಮವಾರ ಬೆಳಗ್ಗೆ ಏಳುವಾಗ ಅವನಿಗೆ ಮೈಯೆಲ್ಲ ಯಾರೋ ಕುಟ್ಟಿದಂತಾಗಿರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶನಿವಾರದ ಮುಸ್ಸಂಜೆ. ಮಾವನವರದನ್ನು ಸೂರ್ಯ ಮುಳುಗುವ ಮುಂಚೆ ಮುಚ್ಚಬೇಕು, ಆದರೆ ಆಗಿನ್ನೂ ದೊಡ್ಡಪ್ಪನ ಸಬ್ಬತ್ತು ಮುಗಿದಿರುವುದಿಲ್ಲ. ದೊಡ್ಡಪ್ಪನದನ್ನು ಮುಳುಗಿದ ಮೇಲೆ ತೆರೆಯಬೇಕು, ಆದರೆ ಅಷ್ಟರಲ್ಲಿ ಮಾವನ ಸಬ್ಬತ್ತು ಶುರುವಾಗಿರುತ್ತದೆ. ಸೂರ್ಯ ಅರ್ಧ ನೀರಲ್ಲಿ, ಅರ್ಧ ಮೇಲೆ ಇರುವ ಹೊತ್ತು ನೋಡಿ, ಕಿಟಕಿಯಿಂದ ಕತ್ತು ಹೊರಗೆ ಚಾಚಿ, ಒಂದೇ ಉಸಿರಿಗೆ ಎರಡನ್ನೂ ಒತ್ತಿಬಿಡುತ್ತಿದ್ದ. ಮೋಡವಿದ್ದ ದಿನ ಅಂದಾಜಿನ ಮೇಲೆ ಒತ್ತಿ, ವಾರವಿಡೀ ಪಾಪಿಯ ಹಾಗೆ ಓಡಾಡುತ್ತಿದ್ದ.

ಈಗ ಕುತ್ತಿಗೆಗೆ ಬಂದದ್ದು ಬೇರೆ. ಸಭೆಯ ಬಾಗಿಲನ್ನು ಹಿರಿಯನೇ ಮುಚ್ಚುವುದು ಚೆಂದ, ಶನಿವಾರ ಸಂಜೆ ತಾನೇ ಬಂದು ಮುಚ್ಚುತ್ತೇನೆಂದು ಮಾವ ಕಳೆದ ವಾರ ಸಾರಿದ್ದ. ಈ ಸುದ್ದಿ ಗಾಳಿಯಲ್ಲಿ ತೇಲಿ ದೊಡ್ಡಪ್ಪನಿಗೆ ಮುಟ್ಟಿ, ಅದೇ ಸಂಜೆ ತಾನೂ ಬಂದು ತನ್ನ ಸಭೆಯದನ್ನು ತೆರೆಯುತ್ತೇನೆಂದು ಹೇಳಿಕಳಿಸಿದ್ದ. ಯಂತ್ರ ಒಂದೇ ಎಂದು ಗೊತ್ತಾದರೆ ಸುಳ್ಳು ಹೇಳಿದವನಿಗೆ ಅಮ್ಮನ ಸಭೆಯಲ್ಲೂ ಜಾಗವಿಲ್ಲ, ಹೆಂಡತಿಯ ಸಭೆಯಲ್ಲೂ ಇಲ್ಲ. ಈ ಹಳ್ಳಿಯಲ್ಲಿ ಯಾವ ಸಭೆಯ ಬೆಂಚೂ ಇಲ್ಲದವನು ಊಟಕ್ಕೆ ಯಾರ ಚಾಪೆಯ ಮೇಲೆ ಕೂರಬೇಕು, ಸತ್ತರೆ ಯಾರು ಹಾಡಬೇಕು?

ಮೊಯೆಲಾಂಗಿ ಹೊಲಿಗೆ ನಿಲ್ಲಿಸಿ, ಗಂಡ ಬಟ್ಟೆಗಳ ರಾಶಿಯ ನಡುವೆ ಸ್ಟೂಲಿನ ಮೇಲೆ, ಎರಡನೇ ಯಂತ್ರವೆಂದು ತೋರಿಸಲು ತಂದ ಸತ್ತ ಕಂಪ್ಯೂಟರನ್ನು ಕೂರಿಸುವುದನ್ನು ನೋಡಿದಳು.

"ಅಂತೂ ನಿನ್ನ ದೊಡ್ಡಪ್ಪನಿಗೆ ಹೆಣ, ನನ್ನಪ್ಪನಿಗೆ ಜೀವ ಇರೋದು."

"ಸುಮ್ನಿರೇ. ದೊಡ್ಡಪ್ಪ ಇಲ್ಲಿ ಪ್ರಾರ್ಥನೆ ಹೇಳಿ ಯಾವುದಾದರೊಂದು ಗುಂಡಿ ಒತ್ತಲಿ. ನಾನು ಒಳಗಿಂದ ತೆಗೀತೀನಿ."

"ಇಷ್ಟು ಬುದ್ಧಿ ಆ ಶುಕ್ರವಾರ ಎಲ್ಲಿ ಹೋಗಿತ್ತಪ್ಪಾ?" ಎಂದು ಅವಳು ದಾರ ಕಚ್ಚಿದಳು.

ಮುದುಕರು ಯಾವತ್ತೂ ಹೇಳಿದ ಹೊತ್ತಿಗೆ ಬರುವುದಿಲ್ಲ, ಮುಂಚೆಯೇ ಬರುತ್ತಾರೆ. ತುಯಿಸಿಲಾ ಬಂದಾಗ ಸೂರ್ಯ ಇನ್ನೂ ತೆಂಗಿನ ಮರಗಳ ಮೇಲಿದ್ದ. ಊರುಗೋಲು ಪಕ್ಕಕ್ಕಿಟ್ಟು ಚಾಪೆಯ ಮೇಲೆ ಕಾಲು ಮಡಚಿ ಕೂತು, ಕಿತ್ತಳೆ ಎಲೆಯ ಚಹಾ ಹೀರುತ್ತ, ಸತ್ತ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟ.

"ತಣ್ಣಗಿದೆಯಲ್ಲೋ."

"ನಿನ್ನೆ ಸಂಜೆಯಿಂದ ವಿಶ್ರಾಂತಿಯಲ್ಲಿದೆ, ದೊಡ್ಡಪ್ಪ."

ಮುದುಕನ ಮುಖದ ಮೇಲೆ ಹರಡಿದ ಸಂತೋಷವನ್ನು ನೋಡಲಾಗದೆ ಪೆರೆಲಿನಿ ಹೊಲಿಗೆಯ ಗುಂಡಿಗಳ ಡಬ್ಬಿಯತ್ತ ತಿರುಗಿದ. ಮುದುಕ ಪೆಟ್ಟಿಗೆಯನ್ನು ಎಮ್ಮೆಯ ಬೆನ್ನಿನಂತೆ ತಟ್ಟುತ್ತ, "ಭೇಷ್, ಇದು ನಿಜವಾದ ಸಬ್ಬತ್ತು. ನಮ್ಮ ಸಭೆಯಲ್ಲಿ ಎಷ್ಟು ಜನ ಇಷ್ಟು ಸುಮ್ಮನೆ ಕೂತಾರು ಹೇಳು," ಎಂದ. ಅವನ ಮೆಚ್ಚುಗೆಗೆ ಯೋಗ್ಯವಾದದ್ದು ಈ ಮನೆಯಲ್ಲಿ ಸತ್ತದ್ದೊಂದೇ ಎಂಬ ಯೋಚನೆ ಬಂದು, ಆ ಪೆಟ್ಟಿಗೆಯ ಮೇಲೆ ಪೆರೆಲಿನಿಗೆ ಒಂದು ಬಗೆಯ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ವೈತೋವಾನ ಕೆಮ್ಮು ಕೇಳಿಸಿತು. ಮೊಯೆಲಾಂಗಿ ಅಪ್ಪನನ್ನು ಹಿಂದಿನ ಬಾಗಿಲಿಂದಲೇ ಒಳಕೋಣೆಗೆ ಕರೆದೊಯ್ದಳು. ನಡುವೆ ಇದ್ದದ್ದು ಹೆಣೆದ ಚಾಪೆಯ ಪರದೆ ಮಾತ್ರ. ಈಚೆಗೆ ಚಹಾ ಹೀರುವ ಸದ್ದು ನಿಂತಿತು, ಆಚೆಗೆ ಕೆಮ್ಮು ನಿಂತಿತು.

"ಪೆರೆಲಿನಿ," ಎಂದ ದೊಡ್ಡಪ್ಪ, "ಒಳಗಿರೋ ಮುದುಕನಿಗೆ ಹೇಳು, ಇಲ್ಲಿ ಇನ್ನೂ ಸಬ್ಬತ್ತು ಮುಗಿದಿಲ್ಲ, ಸ್ವಲ್ಪ ಮೆಲ್ಲಗೆ ಕೆಮ್ಮಲಿ ಅಂತ."

"ಪೆರೆಲಿನಿ," ಎಂದಿತು ಒಳಗಿನ ದನಿ, "ಹೊರಗಿರೋ ಮುದುಕನಿಗೆ ಹೇಳು, ಶುಕ್ರವಾರ ಕೆಮ್ಮಬಾರದು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ."

ಪೆರೆಲಿನಿ ಪರದೆಯ ಪಕ್ಕ ನಿಂತಿದ್ದ. ಎರಡೂ ಕಡೆ ಒಂದೊಂದು ಕಣ್ಣಿಗೆ ಕಾಣುವ ಹಾಗೆ. ಇದೇ ತನ್ನ ಜಾಗ, ಹುಟ್ಟಿದಾಗಿನಿಂದ ತಾನು ನಿಂತದ್ದು ಇಲ್ಲೇ ಎನ್ನಿಸಿತು. "ದೊಡ್ಡಪ್ಪ, ಮಾವ ಕ್ಷಮೆ ಕೇಳ್ತಿದ್ದಾರೆ. ಮಾವ, ದೊಡ್ಡಪ್ಪ ಆರೋಗ್ಯ ಹೇಗಿದೆ ಅಂತ ಕೇಳ್ತಿದ್ದಾರೆ."

"ನಮಗಿಬ್ಬರಿಗೂ ಕಿವಿ ಚೆನ್ನಾಗಿದೆ ಕಣೋ," ಎಂದು ಎರಡೂ ಕಡೆಯಿಂದ ಒಟ್ಟಿಗೇ ಬಂತು.

ಕುತೂಹಲ ಮೊದಲು ಗೆದ್ದದ್ದು ವೈತೋವಾನನ್ನು. ಪರದೆ ಎತ್ತಿ ಹೊರಬಂದು, ದೊಡ್ಡಪ್ಪನನ್ನು ನೋಡದೆ, ಪೆಟ್ಟಿಗೆಯನ್ನಷ್ಟೇ ಸುತ್ತುಹಾಕಿ ನೋಡಿದ. ಮೂವತ್ತು ವರ್ಷ ಬಂದರಿನಲ್ಲಿ ಮೀನಿನ ಐಸುಪೆಟ್ಟಿಗೆಗಳ ಜೊತೆ ಹೆಣಗಿದವನು. ಹಿಂದುಗಡೆ ಬಗ್ಗಿ ನೋಡಿ ನೆಟ್ಟಗಾದ.

"ಇದಕ್ಕೆ ವೈರೇ ಇಲ್ಲವಲ್ಲೋ."

ಪೆರೆಲಿನಿ ಬಾಯಿ ತೆರೆದ. ಮಾವನಿಗೆ ಬೇಕಾದ ಉತ್ತರವೊಂದು ಎದ್ದುಬರಲಿ ಎಂದು ಕಾದ. ದೊಡ್ಡಪ್ಪನ ಮುಖ ನೋಡಿದ, ಅಲ್ಲಿಗೆ ಬೇಕಾದದ್ದು ಬೇರೆಯೇ ಉತ್ತರ. ಎರಡೂ ಒಟ್ಟಿಗೆ ಗಂಟಲಿಗೆ ಬಂದು ಸಿಕ್ಕಿಕೊಂಡವು. ಕೊನೆಗೆ ಹೊರಬಿದ್ದದ್ದು ಯಾರಿಗೂ ಬೇಡದ ನಿಜ. "ಇರೋದು ಒಂದೇ. ಒಳಗಿರೋದು. ಎರಡು ಸಭೆಯೂ ಅದರಲ್ಲೇ ಇದೆ. ಮೊದಲಿಂದಲೂ."

ಬೈಗುಳ ಬರಲಿಲ್ಲ. ಮುದುಕರಿಬ್ಬರೂ ಒಳಗೆ ಹೋಗಿ ಗುಂಯ್‌ಗುಡುವ ಕರಿಯ ಪೆಟ್ಟಿಗೆಯ ಮುಂದೆ ನಿಂತರು. ತುಯಿಸಿಲಾ ಕೈಯಿಟ್ಟು, ಬಿಸಿಗೆ ಥಟ್ಟನೆ ತೆಗೆದ.

"ಜ್ವರ ಬಂದ ಹಾಗಿದೆ. ಇದು ಯಾವತ್ತೂ ನಿಲ್ಲೋದೇ ಇಲ್ವಾ?"

"ಇಲ್ಲ ದೊಡ್ಡಪ್ಪ."

"ನಿನ್ನೆ ಸಂಜೆ ಇವರದನ್ನ ಮುಚ್ಚಿದ್ದು ಯಾರು?" ಎಂದ ವೈತೋವಾ, ಪೊಲೀಸಿನವನಂತೆ.

"ನಾನು."

"ಪ್ರತಿ ಶನಿವಾರ ನಮ್ಮದನ್ನ ಮುಚ್ಚೋದು?"

"ನಾನೇ."

"ಸೂರ್ಯ ಮುಳುಗೋ ಮುಂಚೆ. ಅಂದರೆ ಇವರ ಸಬ್ಬತ್ತಿನೊಳಗೆ ಕೆಲಸ."

"ನಮ್ಮದನ್ನ ತೆಗೆಯೋದು ಮುಳುಗಿದ ಮೇಲೆ," ಎಂದ ತುಯಿಸಿಲಾ ನಿಧಾನವಾಗಿ. "ಅಂದರೆ ನಿಮ್ಮ ಸಬ್ಬತ್ತಿನೊಳಗೆ ಕೆಲಸ."

'ನಿಮ್ಮ' ಎಂದದ್ದು ವೈತೋವಾನಿಗೇ. ಇಬ್ಬರಿಗೂ ಅದು ಗೊತ್ತಾಗಿ, ಗೊತ್ತಾಗದವರಂತೆ ಮುಂದುವರಿದರು.

"ಯಂತ್ರದ್ದೇನೂ ತಪ್ಪಿಲ್ಲ ಬಿಡಿ. ಅದಕ್ಕೆ ಯಾವ ಸಭೆಯೂ ಇಲ್ಲ," ಎಂದ ವೈತೋವಾ.

"ನಾನು ನಮ್ಮ ದಿನ ಮುರಿದಿಲ್ಲ. ನೀವು ನಿಮ್ಮ ದಿನ ಮುರಿದಿಲ್ಲ."

"ಎರಡೂ ದಿನ ಮುರಿದವನು ಇವನೊಬ್ಬನೇ."

"ವಾರ ವಾರ."

"ಎರಡೂ ಕಡೆ ಬಂದು ಹಾಡಿ."

ಒಬ್ಬರ ಮಾತಿನ ತುದಿಯನ್ನು ಇನ್ನೊಬ್ಬರು ಹಿಡಿದು ಮೇಲೆತ್ತುವ ಆ ಸೊಗಸಿಗೆ ಪೆರೆಲಿನಿ, ಇದು ತನ್ನ ಮೇಲಿನ ಆರೋಪ ಎಂಬುದನ್ನು ಮರೆತು, ಒಂದು ಕ್ಷಣ ತಲೆದೂಗಿದ. ಹಿಂದೆ ಇವರಿಬ್ಬರು ಹಾಡುತ್ತಿದ್ದದ್ದು ಹೀಗೇ ಇರಬೇಕು.

"ಇವನನ್ನ ನೀವೇ ಇಟ್ಕೊಳ್ಳಿ," ಎಂದ ವೈತೋವಾ ಉದಾರವಾಗಿ.

"ಛೆ, ಎಲ್ಲಾದರೂ ಉಂಟೇ. ನಿಮ್ಮ ಅಳಿಯ."

"ನಿಮ್ಮ ರಕ್ತ."

"ರಕ್ತ ಇರಬಹುದು. ಬುದ್ಧಿ ನಮ್ಮದಲ್ಲ."

ಮದುವೆಯೂಟದ ಕೊನೆಯಲ್ಲಿ ಉಳಿದ ಮೀನಿನ ತಲೆಯಂತೆ ಅವನನ್ನು ಈ ತಟ್ಟೆಯಿಂದ ಆ ತಟ್ಟೆಗೆ ಸರಿಸುತ್ತಿದ್ದರು. ಕೊನೆಗೆ ತುಯಿಸಿಲಾ, "ನೀನೇ ಹೇಳಪ್ಪಾ," ಎಂದು ಅವನ ಕಡೆ ತಿರುಗಿದ. "ನಿನ್ನನ್ನ ಯಾರೂ ಕರೀಲಿಲ್ಲ ಅಂತಿಟ್ಕೋ. ಅಮ್ಮನೂ ಇಲ್ಲ, ಹೆಂಡತಿಯೂ ಇಲ್ಲ. ನೀನು ಯಾವ ದಿನದವನು?"

ಪೆರೆಲಿನಿ ಪ್ರಾಮಾಣಿಕವಾಗಿ ಹುಡುಕಿದ. ಶನಿವಾರದ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತವನನ್ನು ನೋಡಿದ, ಅವನು ತಲೆಯಾಡಿಸುತ್ತಿದ್ದ. ಭಾನುವಾರದ ಬೆಂಚಿನ ಮೇಲೆ ಮಕ್ಕಳ ನಡುವೆ ಕೂತವನೂ ಅಷ್ಟೇ. ಇಬ್ಬರ ಕಣ್ಣಿನ ಕೆಳಗೂ ಕಪ್ಪು ಬಿದ್ದಿತ್ತು. "ನಂಗೆ ಸುಸ್ತಾಗಿದೆ, ದೊಡ್ಡಪ್ಪ," ಎಂದ. ಇದು ಉತ್ತರವಲ್ಲವೆಂದು ಗೊತ್ತಿತ್ತು. ಆದರೆ ಹೇಳಿದ ಮೇಲೆ, ಬಹಳ ಕಾಲದಿಂದ ಯಾರ ಮುಖವನ್ನೂ ನೋಡದೆ ಹೇಳಿದ ಮೊದಲ ಮಾತು ಇದು ಎನ್ನಿಸಿತು.

"ಅಪ್ಪಾ, ಹೊತ್ತು ಮುಳುಗ್ತಿದೆ!" ಎಂದು ಮೊಯೆಲಾಂಗಿ ಹೊರಗಿಂದ ಕೂಗಿದಳು.

ವಿಚಾರಣೆ ಅಲ್ಲಿಗೇ ನಿಂತಿತು. ವೈತೋವಾ ಅಂಗಿಯ ಗುಂಡಿ ಹಾಕಿಕೊಂಡು ಪೆಟ್ಟಿಗೆಯ ಮುಂದೆ ನಿಂತ. ಈ ಕೀಲಿಮಣೆಯ ಮೇಲಿನ ಈ ಅಕ್ಷರವನ್ನು ಒತ್ತಿದರೆ ಸಾಕು ಎಂದು ಪೆರೆಲಿನಿ ಹೇಳಬೇಕೆನ್ನುವಷ್ಟರಲ್ಲಿ, ಮುದುಕ ಪೆಟ್ಟಿಗೆಯ ಎದೆಯಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಒಂದೇ ಒಂದು ದುಂಡನೆಯ ಗುಂಡಿಯ ಮೇಲೆ ಹೆಬ್ಬೆರಳು ಊರಿ, ಕಣ್ಣು ಮುಚ್ಚಿ, "ಪರಲೋಕದಲ್ಲಿರುವ ನಮ್ಮ ತಂದೆಯೇ," ಎಂದು ಶುರುಮಾಡಿಯೇಬಿಟ್ಟ. ತುಯಿಸಿಲಾನೂ ಅಭ್ಯಾಸಬಲದಿಂದ ತಲೆಬಾಗಿಸಿದ. ಪ್ರಾರ್ಥನೆಯ ನಡುವೆ ಬಾಯಿ ಹಾಕಿದವರನ್ನು ಈ ಊರು ಕಂಡಿಲ್ಲ. ಪೆರೆಲಿನಿ ಒಂದು ಕಣ್ಣು ತೆರೆದು ಆ ಹೆಬ್ಬೆರಳನ್ನೇ ನೋಡಿದ. ಸುಮ್ಮನೆ ಮುಟ್ಟಿ ಬಿಟ್ಟಿದ್ದರೆ ಏನೂ ಆಗದೆ ಇರುತ್ತಿತ್ತೋ ಏನೋ. ಒತ್ತಿ ಹಿಡಿದರೆ ಇಡೀ ಯಂತ್ರ ಪ್ರಾಣ ಬಿಡುತ್ತದೆ. ವೈತೋವಾ ಪ್ರಾರ್ಥನೆಯಲ್ಲಿ ಮೊದಲು ಆಕಾಶಕ್ಕೆ, ಆಮೇಲೆ ಸಮುದ್ರಕ್ಕೆ, ಆಮೇಲೆ ಅದರೊಳಗಿನ ಮೀನುಗಳಿಗೆ ಕೃತಜ್ಞತೆ ಹೇಳುವವನು. ಮೀನಿನವರೆಗೂ ಹೋಗಬೇಕಾಗಲಿಲ್ಲ. ಸಮುದ್ರಕ್ಕೆ ಬರುವಷ್ಟರಲ್ಲಿ ಫ್ಯಾನು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಟೈರ್ ಅಂಗಡಿ ನಿಂತಿತು. ಬಾರು ನಿಂತಿತು, ರಗ್ಬಿ ಕ್ಲಬ್ಬು ನಿಂತಿತು, ಶವಪೆಟ್ಟಿಗೆಯವರು ನಿಂತರು, ಎರಡೂ ಸಭೆಗಳು ನಿಂತವು.

"ಆಮೆನೆ," ಎಂದ ವೈತೋವಾ.

"ಆಮೆನೆ," ಎಂದ ತುಯಿಸಿಲಾ, ಕೆಳದನಿಯಲ್ಲಿ, ವೈತೋವಾನ ಮಂದ್ರಕ್ಕೆ ಸರಿಯಾಗಿ.

ಕೋಣೆಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಆ ಗುಂಯ್ ಎಂಬ ಸದ್ದು ಇಷ್ಟು ವರ್ಷ ತನ್ನ ತಲೆಯೊಳಗಿನದೆಂದೇ ಪೆರೆಲಿನಿ ತಿಳಿದಿದ್ದ. ಅದು ಹೋದ ಜಾಗದಲ್ಲಿ ಸಮುದ್ರ ಕೇಳಿಸಿತು. ಈಗ ಕೈ ಮುಂದೆ ಮಾಡಿ ಮತ್ತೆ ಹಚ್ಚಬೇಕು, ವಸತಿಗೃಹದವರು ಫೋನು ಮಾಡುವ ಮುಂಚೆ, ಎಂದುಕೊಂಡ. ಕೈ ಬರಲಿಲ್ಲ. ಗೋಡೆಗೊರಗಿದ, ಚಾಪೆಯ ಮೇಲೆ ಜಾರಿ ಕೂತ. ಬಾಯಲ್ಲಿ ವಿವರಣೆಯೊಂದು ಸಿದ್ಧವಾಗುತ್ತಿದ್ದಂತೆಯೇ ಕಣ್ಣೆವೆಗಳು ಮುಚ್ಚಿಕೊಂಡವು.

ಎಲ್ಲೋ ಮೇಲಿನಿಂದ ದನಿಗಳು ಬರುತ್ತಿದ್ದವು.

"ಮುಳುಗಿತು. ಈಗ ನಮ್ಮದನ್ನ ತೆಗೀಬೇಕು. ಎಬ್ಬಿಸಿ ಅವನನ್ನ."

"ಎಬ್ಬಿಸೋದು ಹ್ಯಾಗೆ? ಸಬ್ಬತ್ತು ಶುರುವಾಗಿದೆ."

"ನಿಮಗೆ ಶುರುವಾಗಿದೆ. ನಮಗೆ ಮುಗಿದಿದೆ. ನಮ್ಮ ಲೆಕ್ಕದಲ್ಲಿ ಅವನು ಕೆಲಸ ಮಾಡಬಹುದು."

"ಮಲಗಿರೋದು ನಮ್ಮ ಲೆಕ್ಕದಲ್ಲಿ."

"ಯಾರು ಹೇಳಿದ್ದು? ಕಣ್ಣು ಮುಚ್ಚಿದಾಗ ಇನ್ನೂ ಕೆಂಪಿತ್ತು. ನಾನೇ ನೋಡಿದೀನಿ. ನಮ್ಮ ದಿನದ ನಿದ್ದೆ ಅದು."

"ಕೆಂಪಿರಲಿಲ್ಲ. ಮುಳುಗಿಯಾಗಿತ್ತು."

"ಅಂಚು ಇತ್ತು."

"ಏ, ಮೆಲ್ಲಗೆ ಮಾತಾಡಯ್ಯಾ," ಎಂದಿತು ಯಾವುದೋ ಒಂದು ದನಿ, ಯಾರದೆಂದು ಗೊತ್ತಾಗಲಿಲ್ಲ. ಆಮೇಲೆ ಆ ಜಗಳ ಪಿಸುಮಾತಿನಲ್ಲೇ ಬಹಳ ಹೊತ್ತು ನಡೆಯಿತು.